ಸೌಂಡ್ ಬರುತ್ತೆ, ಪಿಕ್ಚರ್ ಬರಲ್ಲ ಅನ್ನೋರಿಗೆ

ಪ್ರಶ್ನೆ: ಸರ್, ಹೋದ ತಿಂಗಳು 4ಕೆ ಸ್ಟ್ರೀಮಿಂಗ್ ಸ್ಟಿಕ್ ತಗೊಂಡ್ವಿ. ಟೀವಿನೂ 4ಕೆನೇ. ಮನೇಲಿ ಹಳೇ ಸೌಂಡ್‌ಬಾರ್ ಒಂದಿತ್ತು, ಸ್ಟಿಕ್‌ನ ಅದಕ್ಕೆ ಸಿಗಿಸಿ ಅಲ್ಲಿಂದ ಟೀವಿಗೆ ಕೇಬಲ್ ಎಳೆದಿದೀವಿ. ಯೂಟ್ಯೂಬ್ ಚೆನ್ನಾಗಿ ಬರುತ್ತೆ, ಸಿನಿಮಾ ಹಾಕಿದ ತಕ್ಷಣ ಸ್ಕ್ರೀನ್ ಕಪ್ಪಾಗಿ ಎಚ್‌ಡಿಸಿಪಿ ಎರರ್ ಅಂತ ಬರುತ್ತೆ, ಒಂದೊಂದ್ಸಲ ಬರೀ ಸೌಂಡ್ ಮಾತ್ರ. ತಿಂಗಳು ತಿಂಗಳು ದುಡ್ಡು ಕಟ್ಟೋರು ನಾವು. ಅಂಗಡಿಯವರು ಟೀವಿ ಚೇಂಜ್ ಮಾಡಿ ಅಂತಿದಾರೆ, ಮಾಡ್ಬೇಕಾ?
(ಓದುಗರು, ವಿಜಯನಗರ)

ಉತ್ತರ: ಬೇಡ, ದಯವಿಟ್ಟು ಈಗಲೇ ಟೀವಿಗೆ ದುಡ್ಡು ಹಾಕ್ಬೇಡಿ. ನೀವು ಬರೆದಿರೋದು ನೋಡಿದ್ರೆ ನನಗೆ ಅನುಮಾನ ಇರೋದು ಮಧ್ಯದಲ್ಲಿ ಕೂತಿರೋ ಆ ಸೌಂಡ್‌ಬಾರ್ ಮೇಲೆ.

ಎಚ್‌ಡಿಸಿಪಿ ಅನ್ನೋದು ಇಂಟೆಲ್‌ನವರು ಮಾಡಿದ ಕಾಪಿ ತಡೆಯೋ ವ್ಯವಸ್ಥೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಹೋಗೋ ಪಿಕ್ಚರ್‌ನ ಮಧ್ಯೆ ಯಾರೂ ರೆಕಾರ್ಡ್ ಮಾಡ್ಕೋಬಾರದು ಅಂತ ಅದನ್ನ ಲಾಕ್ ಮಾಡಿ ಕಳಿಸ್ತಾರೆ. ಕಳಿಸೋಕೆ ಮುಂಚೆ ಸ್ಟಿಕ್ಕು ಆ ಕಡೆ ಇರೋ ಸಾಧನದ ಕೀ ಚೆಕ್ ಮಾಡುತ್ತೆ, ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯೂರಿಟಿಯವರು ಮೇಲೆ ಇಂಟರ್‌ಕಾಮ್ ಮಾಡಿ ಕೇಳಿ ಒಳಗೆ ಬಿಡ್ತಾರಲ್ಲ, ಹಾಗೆ. ಮಧ್ಯದಲ್ಲಿ ಸೌಂಡ್‌ಬಾರ್ ಇದ್ರೆ ಅದೂ ಸರಿಯಾದ ಉತ್ತರ ಕೊಡ್ಬೇಕು, ಅದರ ಹಿಂದಿರೋ ಟೀವಿನೂ ಕೊಡ್ಬೇಕು. ಒಬ್ಬರು ಕೊಡದಿದ್ರೂ ಪಿಕ್ಚರ್ ನಿಂತೋಗುತ್ತೆ. ಮಾಮೂಲಿ ಯೂಟ್ಯೂಬ್ ವಿಡಿಯೋಗೆ ಸಾಮಾನ್ಯವಾಗಿ ಈ ಲಾಕ್ ಬೇಕಾಗಲ್ಲ, ಅದಕ್ಕೇ ಅದು ಬರ್ತಿದೆ, ಅಂದ್ರೆ ನಿಮ್ಮ ಟೀವಿ ಪ್ಯಾನೆಲ್ ಚೆನ್ನಾಗೇ ಇದೆ.

ಇನ್ನೊಂದು ವಿಷಯ ವರ್ಷನ್‌ದು. 1080ಪಿಗೆ ಹಳೇ ಎಚ್‌ಡಿಸಿಪಿ 1.4 ಸಾಕು, ಆದ್ರೆ ನೆಟ್‌ಫ್ಲಿಕ್ಸ್ ಥರದವರ 4ಕೆಗೆ 2.2 ಬೇಕೇ ಬೇಕು. 2.2 ಬಂದಿದ್ದು 2013ರ ಹೊತ್ತಿಗೆ, ಅದಕ್ಕಿಂತ ಹಳೇ ಸೌಂಡ್‌ಬಾರ್, ರಿಸೀವರ್‌ಗಳಲ್ಲಿ ಅದು ಇರಲ್ಲ. ಅದಾದ ಮೇಲೆ ಬಂದ ಮೊದಮೊದಲ 4ಕೆ ಟೀವಿಗಳಲ್ಲೂ ಎಲ್ಲಾ ಪೋರ್ಟಿಗೂ ಕೊಡ್ತಿರಲಿಲ್ಲ, ಒಂದೋ ಎರಡೋ ಪೋರ್ಟಿಗೆ ಮಾತ್ರ. ಅದಕ್ಕೆ ಮೊಬೈಲ್ ಟಾರ್ಚ್ ಹಾಕ್ಕೊಂಡು ಟೀವಿ ಹಿಂದೆ ನೋಡಿ, ಪೋರ್ಟ್ ಪಕ್ಕ ಸಣ್ಣಕ್ಷರದಲ್ಲಿ 'ಎಚ್‌ಡಿಸಿಪಿ 2.2' ಅಂತಲೋ '4ಕೆ 60' ಅಂತಲೋ ಇದ್ಯಾ ಅಂತ. ಗೋಡೆಗೆ ಹಾಕಿರೋ ಟೀವಿ ಆದ್ರೆ ಇದು ಸ್ವಲ್ಪ ಕಷ್ಟದ ಕೆಲಸ, ಕತ್ತು ಚಾಚೋ ಬದಲು ಮೊಬೈಲ್ ಒಳಗೆ ತೂರಿಸಿ ಫೋಟೋ ತೆಗೆದು ಝೂಮ್ ಮಾಡಿ. ಅಲ್ಲೇ ಇನ್ನೊಂದು ಗಮನಿಸಿ, ಗೋಡೆ ಒತ್ತಿ ಸ್ಟಿಕ್ಕು ಓರೆಯಾಗಿ ಕೂತಿರುತ್ತೆ, ಬಾಕ್ಸ್ ಜೊತೆ ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್ ಕೊಟ್ಟಿದ್ರೆ ಅದನ್ನ ಬಳಸಿ. ಎಚ್‌ಡಿಎಂಐಗೆ ಇರೋದು 19 ಪಿನ್ನು, ಈ ಕೀ ವಿಚಾರಣೆ ನಡೆಯೋದು ಅದರಲ್ಲಿ ಎರಡು ಪಿನ್‌ಗಳ ಮೇಲೆ, ಅವು ಸರಿಯಾಗಿ ತಾಗದಿದ್ರೂ ಎರರ್ ಬರುತ್ತೆ.

ಈಗ ಮಾಡಬೇಕಾದ್ದು. ಸೌಂಡ್‌ಬಾರ್ ತೆಗೆದು ಸ್ಟಿಕ್‌ನ ನೇರವಾಗಿ ಟೀವಿಯ ಆ ಪೋರ್ಟಿಗೆ ಹಾಕಿ ಅದೇ ಸಿನಿಮಾ ಪ್ಲೇ ಮಾಡಿ. ಬಂತು ಅಂದ್ರೆ ಕಳ್ಳ ಸಿಕ್ಕಿಬಿದ್ದ ಹಾಗೆ, ಹಾಗಂತ ಸೌಂಡ್‌ಬಾರ್ ಬಿಸಾಕ್ಬೇಡಿ. ಟೀವಿಯಲ್ಲಿ ಎಆರ್‌ಸಿ (ಸೌಂಡ್‌ನ ವಾಪಸ್ ಹೊರಗೆ ಕಳಿಸೋದು) ಅಂತ ಬರೆದಿರೋ ಎಚ್‌ಡಿಎಂಐ ಪೋರ್ಟಿಂದ, ಅದಿಲ್ಲದಿದ್ರೆ ಆಪ್ಟಿಕಲ್ ಕೇಬಲ್‌ನಲ್ಲಿ ಸೌಂಡ್ ಮಾತ್ರ ಅದಕ್ಕೆ ಕಳಿಸಿ, ಆಗ ಪಿಕ್ಚರ್ ಅದರ ಮೂಲಕ ಹಾದು ಹೋಗಬೇಕಾಗಿಲ್ಲ. ನೇರ ಹಾಕಿದ್ರೂ ಬರಲಿಲ್ವಾ, ಹಾಗಾದ್ರೆ ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1080ಪಿ ಇಟ್ಟು ನೋಡಿ. ಆಗ ಬಂದ್ರೆ ಒಂದೋ ಪೋರ್ಟ್ 2.2 ಅಲ್ಲ, ಇಲ್ಲವೋ ಕೇಬಲ್ 4ಕೆ ತಡ್ಕೊಳ್ತಿಲ್ಲ ಅಂತ. ಒಂದು ಮಾತು ನೆನಪಿಡಿ, ಕೇಬಲ್‌ಗೆ ಎಚ್‌ಡಿಸಿಪಿ ವರ್ಷನ್ ಅಂತ ಇರಲ್ಲ, ಅದಕ್ಕಿರೋದು ಸ್ಪೀಡು ಅಷ್ಟೇ, 4ಕೆ 60ಕ್ಕೆ 18 ಜಿಬಿಪಿಎಸ್ ತಾಳೋ ಕೇಬಲ್ ಸಾಕು, 'ಎಚ್‌ಡಿಸಿಪಿ ಕೇಬಲ್' ಅಂತ ಹೇಳಿ ಜಾಸ್ತಿ ರೇಟ್ ಹೇಳಿದ್ರೆ ಕೊಡಬೇಡಿ.

ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಈ ಎರರ್ ಬರೋ ಮನೆಗಳೂ ಬೆಂಗಳೂರಲ್ಲಿ ಕಮ್ಮಿ ಇಲ್ಲ. ಯುಪಿಎಸ್‌ಗೆ ಬದಲಾಗೋ ಆ ಕ್ಷಣದಲ್ಲಿ ಸ್ಟಿಕ್ಕು ಟೀವಿ ಎರಡೂ ಒಟ್ಟಿಗೆ ಎದ್ದು ಒಬ್ಬರಿಗೊಬ್ಬರ ಉತ್ತರ ಸಿಗದೆ ಹಾಗೇ ನಿಂತುಬಿಡುತ್ತವೆ. ರಿಮೋಟಲ್ಲಿ ಆಫ್ ಮಾಡಿದ್ರೆ ಅದು ಸ್ಟ್ಯಾಂಡ್‌ಬೈ ಅಷ್ಟೇ, ಪ್ಲಗ್ಗೇ ಕಿತ್ತು ಎರಡ್ಮೂರು ನಿಮಿಷ ಬಿಡಿ, ಮೊದಲು ಟೀವಿ ಆನ್ ಮಾಡಿ, ಅದು ಪೂರ್ತಿ ಬಂದ ಮೇಲೆ ಸ್ಟಿಕ್. ಸ್ಟಿಕ್‌ಗೆ ಕರೆಂಟ್ ಟೀವಿಯ ಯುಎಸ್‌ಬಿಯಿಂದ ಕೊಡ್ಬೇಡಿ, ಜೊತೆಗೆ ಬಂದ ಅಡಾಪ್ಟರೇ ಹಾಕಿ, ಯುಎಸ್‌ಬಿಯಲ್ಲಿ ಕರೆಂಟ್ ಸಾಲದೆ ಮಧ್ಯೆ ಮಧ್ಯೆ ರೀಸ್ಟಾರ್ಟ್ ಆದ್ರೆ ಎಲ್ಲಾ ಮತ್ತೆ ಮೊದಲಿಂದ ಶುರು.

ಪ್ರಶ್ನೆ: ಎಸ್.ಪಿ. ರೋಡಲ್ಲಿ ಒಬ್ಬರು ಒಂದು ಸ್ಪ್ಲಿಟರ್ ತೋರಿಸಿ ಇದು ಹಾಕಿದ್ರೆ ಎಚ್‌ಡಿಸಿಪಿನೇ ಇರಲ್ಲ, ಯಾವ ಎರರೂ ಬರಲ್ಲ ಅಂದ್ರು. ತಗೋಬಹುದಾ?
(ಓದುಗರು, ಬಸವನಗುಡಿ)

ಉತ್ತರ: ಒಂದು ಸಿಗ್ನಲ್‌ನ ಎರಡು ಟೀವಿಗೆ ಹಂಚೋ ಸ್ಪ್ಲಿಟರ್ ಬೇರೆ, ಲಾಕ್ ಕಿತ್ತುಹಾಕುತ್ತೆ ಅಂತಲೇ ಮಾರೋದು ಬೇರೆ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಸೆಕ್ಷನ್ ಸೇರಿಸಿದಾರೆ, ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಇಂಥ ರಕ್ಷಣೆ ಮುರಿದ್ರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡನೂ ಇದೆ. ನಿಮ್ಮ ಉದ್ದೇಶ ಅದಲ್ಲ ಅಂತ ಗೊತ್ತು, ದುಡ್ಡು ಕೊಟ್ಟು ನೋಡೋರಿಗೆ ಈ ಲಾಕ್ ಕಾಟ ಕೊಡುತ್ತೆ ಅನ್ನೋದು ನನಗೂ ನಿಜವಾಗ್ಲೂ ಬೇಜಾರಿನ ವಿಷಯ, 2010ರಲ್ಲೇ ಇದರ ಹಳೇ ವರ್ಷನ್ನಿನ ಮಾಸ್ಟರ್ ಕೀ ಹೊರಗೆ ಬಂದಿದೆ, ಕದಿಯೋರನ್ನ ಇದು ಪೂರ್ತಿ ತಡೆದಿಲ್ಲ, ತೊಂದರೆ ಪಡೋದು ಹೆಚ್ಚಾಗಿ ನಮ್ಮಂಥ ಮನೆಯವರೇ. ಆದ್ರೂ ಆ ಡಬ್ಬಿ ಬೇಡ. ಅದೇ ದುಡ್ಡಿಗೆ ಒಳ್ಳೇ ಕೇಬಲ್ ತಗೊಳ್ಳಿ, ನಿಮ್ಮ ಸ್ಟಿಕ್‌ನೂ ಜೊತೆಗೇ ತಗೊಂಡು ಹೋಗಿ ಅಂಗಡಿ ಟೀವಿಗೆ ಹಾಕಿಸಿ ನೋಡಿ, ಬಿಲ್ ಬರೆಸ್ಕೊಳ್ಳಿ.

ಪ್ರಶ್ನೆ: ಹಳೇ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಟು ವಿಜಿಎ ಕನ್ವರ್ಟರ್ ಹಾಕಿದೀನಿ. ಮೆನು ಕಾಣುತ್ತೆ, ಸಿನಿಮಾ ಕಾಣಲ್ಲ.
(ಓದುಗರು, ಬನಶಂಕರಿ)

ಉತ್ತರ: ಕಾಣದಿರೋದಕ್ಕೆ ಕಾರಣ ಇದೆ. ವಿಜಿಎ ಅನಲಾಗ್, ಅದರಲ್ಲಿ ಎಚ್‌ಡಿಸಿಪಿ ಅನ್ನೋದೇ ಇಲ್ಲ, ಸೆಟ್ಟಿಂಗ್ ಎಷ್ಟು ತಿರುವಿದ್ರೂ ಉಪಯೋಗ ಇಲ್ಲ. ಪ್ರೊಜೆಕ್ಟರ್ ಹಿಂದೆ ಎಚ್‌ಡಿಎಂಐ ಪೋರ್ಟ್ ಇದ್ರೆ ನೇರ ಅದಕ್ಕೆ ಹಾಕಿ 1080ಪಿ ಅಥವಾ 720ಪಿ ಇಡಿ. ಅದಿಲ್ಲದೆ ಡಿವಿಐ ಇದ್ದು, ಮ್ಯಾನುಯಲ್‌ನಲ್ಲಿ ಎಚ್‌ಡಿಸಿಪಿ ಸಪೋರ್ಟ್ ಅಂತ ಬರೆದಿದ್ರೆ ಅದೂ ನಡೆಯುತ್ತೆ, ಸೌಂಡಿಗೆ ಮಾತ್ರ ಬ್ಲೂಟೂತ್ ಸ್ಪೀಕರ್ ಜೋಡಿಸ್ಕೋಬೇಕಾಗುತ್ತೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕಮ್ಮಿ ರೇಟಿಗೆ ತಗೊಂಡ ಆಂಡ್ರಾಯ್ಡ್ ಬಾಕ್ಸ್ ಇದೆ. ಎರರ್ ಏನೂ ಇಲ್ಲ, ಆದ್ರೆ ಸಿನಿಮಾ ಮಬ್ಬು ಮಬ್ಬಾಗಿ ಬರುತ್ತೆ. ನೆಟ್ ಫಾಸ್ಟಾಗೇ ಇದೆ.
(ಓದುಗರು, ಯಲಹಂಕ)

ಉತ್ತರ: ನೆಟ್‌ದು ತಪ್ಪಲ್ಲ. ಗೂಗಲ್‌ನ ವೈಡ್‌ವೈನ್ ಅಂತ ಇನ್ನೊಂದು ಲಾಕ್ ಇದೆ, ಅದರಲ್ಲಿ ಎಲ್1 ಅನ್ನೋ ಮೇಲಿನ ಲೆವೆಲ್ ಇರೋ ಬಾಕ್ಸಿಗೆ ಮಾತ್ರ ನೆಟ್‌ಫ್ಲಿಕ್ಸ್ ಎಚ್‌ಡಿ ಕೊಡುತ್ತೆ, ಕೆಳಗಿನ ಲೆವೆಲ್ ಎಲ್3 ಇದ್ರೆ 480ಪಿಗೇ ನಿಲ್ಲಿಸುತ್ತೆ. ಪ್ಲೇ ಸ್ಟೋರ್‌ನಲ್ಲಿ ಡಿಆರ್‌ಎಂ ಇನ್ಫೋ ಅನ್ನೋ ಆ್ಯಪ್ ಹಾಕಿ ನೋಡಿ, ವೈಡ್‌ವೈನ್ ಸೆಕ್ಯೂರಿಟಿ ಲೆವೆಲ್ ಎದುರಿಗೆ ಎಲ್3 ಅಂತಿದ್ರೆ ಅದನ್ನ ಮನೇಲಿ ಕೂತು ಎಲ್1 ಮಾಡೋಕೆ ಬರಲ್ಲ, ವಾಪಸ್ ಕೊಡೋ ಅವಧಿ ಮುಗಿಯೋದ್ರೊಳಗೆ ಕೊಟ್ಟುಬಿಡಿ.