ಕುಟುಂಬದ ಬಸ್ ಸರ್ವಿಸ್ ಒಂದರಿಂದ ಹತ್ತು ಬಸ್ಸಿಗೆ ಬೆಳೆಯುವುದು ಹೇಗೆ?

ಉಡುಪಿ, ದಕ್ಷಿಣ ಕನ್ನಡದ ಸರ್ವಿಸ್ ಬಸ್ಸುಗಳನ್ನೇ (ಊರಿಂದ ಊರಿಗೆ ಓಡುವ ಖಾಸಗಿ ಬಸ್ಸು) ತೆಗೆದುಕೊಳ್ಳಿ. ಬಸ್ಸು ಸಾಲಕ್ಕೆ ಸಿಗುತ್ತದೆ, ಒಳ್ಳೆಯ ಟೈಮಿಂಗ್ (ಪರ್ಮಿಟ್‌ನೊಂದಿಗೆ ಸಿಗುವ ಓಡಾಟದ ಸಮಯ) ಸಿಗುವುದು ಕಷ್ಟ. ಬೆಳಗಿನ ಶಾಲೆ-ಕಚೇರಿ ಹೊತ್ತಿನ ಟ್ರಿಪ್ಪೇ ಮಧ್ಯಾಹ್ನದ ಖಾಲಿ ಓಟದ ಡೀಸೆಲ್ ಖರ್ಚನ್ನೂ ದುಡಿಯಬೇಕು. ಹಾಗಾಗಿ ಜಾಣರು ಓಡುತ್ತಿರುವ ಬಸ್ಸನ್ನು ಪರ್ಮಿಟ್ ಸಮೇತ ಕೊಳ್ಳುತ್ತಾರೆ. ಅದರ ವರ್ಗಾವಣೆಗೆ ಸಾರಿಗೆ ಪ್ರಾಧಿಕಾರದ ಅನುಮತಿ ಬೇಕು. ನಾಲ್ಕೈದು ಬಸ್ಸಾದ ಮೇಲೆ ಸ್ಪೇರ್ ಒಂದು ಇರಲೇಬೇಕು. ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರದ ತಪಾಸಣೆಗೆ) ಬಸ್ ನಿಂತು ಟ್ರಿಪ್ ಕಟ್ಟಾದರೆ ಜನ ನಮ್ಮ ಹಿಂದೆ ಬರುವ ಬೇರೆಯವರ ಬಸ್ಸಿಗೆ ಒಗ್ಗಿಬಿಡುತ್ತಾರೆ.

ಹೆಚ್ಚಿನವರು ಎಡವುವುದು ಕಾಗದಪತ್ರದಲ್ಲಿ. ಪರ್ಮಿಟ್ ಅವಧಿ 5 ವರ್ಷ. ಮುಗಿಯುವ 15 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಪರ್ಮಿಟ್ ಹೆಸರಿನಲ್ಲಿದ್ದ ಹಿರಿಯರು ತೀರಿಕೊಂಡರೆ 30 ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿ. ಆಗ ವಾರಸುದಾರರು 3 ತಿಂಗಳು ಓಡಿಸಬಹುದು, ವರ್ಗಾವಣೆ ಅರ್ಜಿಯೂ ಅಷ್ಟರೊಳಗೇ ಹೋಗಬೇಕು. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಮರೆತುಹೋಗುವುದು ಇದೇ ಗಡುವು.