8 ನ್ಯಾನೋಮೀಟರ್ ಬೆಳ್ಳಿ ಪದರ: ಲೆಕ್ಕಕ್ಕೂ ಅಳತೆಗೂ ಯಾಕೆ ತಾಳೆ ಆಗ್ತಿಲ್ಲ?

ನಿಮ್ ಪ್ರಶ್ನೆ ಇಷ್ಟು ತಾನೆ, ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡ್, ನಡುವೆ 8 ನ್ಯಾನೋಮೀಟರ್ ಬೆಳ್ಳಿ, ಮೇಲೆ ಮತ್ತೆ ಅದೇ ಆಕ್ಸೈಡ್, ಸಾಫ್ಟ್‌ವೇರಲ್ಲಿ ಬೆಳಕು ಚೆನ್ನಾಗಿ ದಾಟುತ್ತೆ ಆದ್ರೆ ಮಾಡಿ ನೋಡಿದ್ರೆ ತುಂಬಾ ಕಮ್ಮಿ, ಜೊತೆಗೆ ನೀಲಿ ಛಾಯೆ ಬೇರೆ. ಡಿಸೈನ್ ಸರಿಯಾಗೇ ಇದೆ ಅನ್ಸುತ್ತೆ, ನೀವು ಹಾಕಿರೋ ಎನ್, ಕೆ ಬೆಲೆಗಳ ಮೇಲೆ (ಎನ್ ಅಂದ್ರೆ ವಕ್ರೀಭವನ ಸೂಚ್ಯಂಕ, ಕೆ ಅಂದ್ರೆ ಬೆಳಕು ಎಷ್ಟು ಹೀರುತ್ತೆ ಅನ್ನೋದು) ನಂಗೆ ಅನುಮಾನ. ಟೇಬಲ್‌ನಲ್ಲಿರೋದು ದಪ್ಪ ಬೆಳ್ಳೀದು. ಇಷ್ಟು ತೆಳು ಹಾಕಿದ್ರೆ ಬೆಳ್ಳಿ ಆಕ್ಸೈಡ್ ಮೇಲೆ ಹರಡ್ಕೊಳ್ಳಲ್ಲ, ಕೆಸುವಿನ ಎಲೆ ಮೇಲಿನ ನೀರಿನ ಥರ ಗುಂಡುಗುಂಡಾಗಿ ನಿಲ್ಲುತ್ತೆ, ಆ ದ್ವೀಪಗಳಲ್ಲಿ ಪ್ಲಾಸ್ಮಾನ್ ರೆಸೊನೆನ್ಸ್ (ಬೆಳಕಿನ ತಾಳಕ್ಕೆ ಎಲೆಕ್ಟ್ರಾನ್‌ಗಳು ಒಟ್ಟಿಗೆ ಓಲಾಡೋದು) ಆಗಿ ಕಣ್ಣಿಗೆ ಕಾಣೋ ಬೆಳಕನ್ನೇ ನುಂಗಿಬಿಡುತ್ತೆ. ಮಲ್ಟಿಮೀಟರಲ್ಲಿ ರೆಸಿಸ್ಟೆನ್ಸ್ ನೋಡಿ, ಕರೆಂಟೇ ಹರೀತಿಲ್ಲ ಅಂದ್ರೆ ಪದರ ಕೂಡ್ಕೊಂಡಿಲ್ಲ ಅಂತಾನೇ ಅರ್ಥ.

ಬೆಳ್ಳಿ ಕೆಳಗೆ ಕೆಲವು ನ್ಯಾನೋಮೀಟರ್ ಜಿಂಕ್ ಆಕ್ಸೈಡ್ ಹಾಕಿ, ಅದರ ಮೇಲೆ ಚೆನ್ನಾಗಿ ಕೂರುತ್ತೆ, ಶಾಖ ತಡೆಯೋ ಕಿಟಕಿ ಗಾಜುಗಳಲ್ಲೂ ಇದನ್ನೇ ಮಾಡೋದು. ಗಾಜು ಬಿಸಿ ಮಾಡ್ಬೇಡಿ, ಡೆಪಾಸಿಷನ್, ಅಂದ್ರೆ ಬೆಳ್ಳಿ ಕೂರಿಸೋ ವೇಗ, ಸ್ವಲ್ಪ ಜೋರಾಗೇ ಇರ್ಲಿ. ಆಮೇಲೆ ಮೇಲಿನ ಆಕ್ಸೈಡನ್ನ ಆಕ್ಸಿಜನ್ ಹರಿಸ್ಕೊಂಡು ಸ್ಪಟರ್ ಮಾಡ್ತಿದ್ರೆ (ಅಯಾನುಗಳಿಂದ ಹೊಡೆದು ಪರಮಾಣು ಚಿಮ್ಮಿಸಿ ಪದರ ಕೂರಿಸೋದು) ಆ ಆಕ್ಸಿಜನ್ ಬೆಳ್ಳೀನೂ ಕೆಡಿಸುತ್ತೆ, ಮಧ್ಯೆ 1 ನ್ಯಾನೋಮೀಟರ್ ಟೈಟಾನಿಯಂ ಲೋಹ ಇದ್ರೆ ಬಚಾವ್.

ಎನ್, ಕೆ ಬೇಕಂದ್ರೆ ಅದೇ ಮೆಷೀನಲ್ಲಿ ಅದೇ ದಪ್ಪ ಮಾಡಿ ಅಳೀರಿ. ರಿಫ್ಲೆಕ್ಷನ್ ಮಾತ್ರ ಎರಡೂ ಕಡೆಯಿಂದ ಅಳೀಬೇಕು, ಲೋಹ ಬೆಳಕು ಹೀರೋದ್ರಿಂದ ಎರಡೂ ಬೇರೆಬೇರೆ ಬರುತ್ತೆ, ಟ್ರಾನ್ಸ್‌ಮಿಷನ್ ಯಾವ ಕಡೆಯಿಂದಾದ್ರೂ ಒಂದೇ. ನಾನಾಗಿದ್ರೆ ಮೊದಲು 8 ಬಿಟ್ಟು 12 ನ್ಯಾನೋಮೀಟರಲ್ಲಿ ಒಂದು ಸ್ಯಾಂಪಲ್ ಮಾಡ್ತಿದ್ದೆ, ಅಲ್ಲಿ ಲೆಕ್ಕ ಕೂತ್ರೆ ಗಲಾಟೆ ದ್ವೀಪಗಳದ್ದೇ.