ಹಳೆಯ ಕಾಲದ ಇಡಿ ಧಾನ್ಯಗಳಿಂದ ಹೊಟ್ಟೆ ತುಂಬುವ ಊಟ ಮಾಡುವುದು ಹೇಗೆ?

ಕ್ವಿನೋವಾ ಕಹಿಯಾಯಿತು, ಬಾರ್ಲಿ ಎಷ್ಟು ಬೇಯಿಸಿದರೂ ಗಟ್ಟಿ, ನವಣೆ ಮುದ್ದೆಯಾಯಿತು ಅಂತ ಬರೆದಿದ್ದೀರಿ. ಆರೋಗ್ಯಕ್ಕೆ ಒಳ್ಳೆಯದು ಅಂತ ತಂದಿದ್ದೀರಿ, ಆದರೆ ಇವುಗಳಲ್ಲಿ ದಿನಾ ತಿನ್ನುವಂಥ ಊಟ ಆಗುತ್ತಾ ಅನ್ನೋದು ನಿಮ್ಮ ಪ್ರಶ್ನೆ. ಖಂಡಿತ ಆಗುತ್ತೆ. ಮೂರನ್ನೂ ಅಕ್ಕಿಯ ಹಾಗೆ, ಒಂದೇ ಅಳತೆಯ ನೀರಿಟ್ಟು ಬೇಯಿಸುವುದನ್ನು ಬಿಡಬೇಕು, ಅಷ್ಟೆ.

ಮೊದಲು ದಪ್ಪ ಕಾಳುಗಳ ವಿಷಯ. ಬಾರ್ಲಿ, ಎಮ್ಮರ್ ಮತ್ತು ಸ್ಪೆಲ್ಟ್ ಅನ್ನುವ ಹಳೆಯ ತಳಿಯ ಗೋಧಿಗಳು, ಜೋಳ ಈ ಗುಂಪಿಗೆ ಸೇರುತ್ತವೆ. ಇವುಗಳ ಮೇಲೆ ತವುಡಿನ ಪದರ ಇರುತ್ತದೆ, ನೀರು ನಿಧಾನವಾಗಿ ಒಳಗೆ ಇಳಿಯುತ್ತದೆ. ಹಿಂದಿನ ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ದೊಡ್ಡ ಪಾತ್ರೆಯಲ್ಲಿ ಧಾರಾಳವಾಗಿ ನೀರು ಕುದಿಸಿ, ಉಪ್ಪು ಹಾಕಿ, ಕಾಳು ಸುರಿಯಿರಿ. ಒಂದು ಲೋಟಕ್ಕೆ ಎಷ್ಟು ನೀರು ಅಂತ ತಲೆಕೆಡಿಸಿಕೊಳ್ಳಬೇಡಿ. ಬೆಂದ ಮೇಲೆ ಹೇಗೂ ಬಸಿಯುತ್ತೀರಿ. ನೆನೆಸಿದ ಇಡಿ ಬಾರ್ಲಿಗೆ 40 ನಿಮಿಷದ ಆಸುಪಾಸು ಬೇಕು, ನೆನೆಸದಿದ್ದರೆ ಒಂದು ಗಂಟೆ. ಜೋಳಕ್ಕೂ ಹೆಚ್ಚುಕಡಿಮೆ ಅಷ್ಟೇ, ಹಳೆಯ ಕಾಳಾದರೆ ಇನ್ನೂ ಜಾಸ್ತಿ.

ಗಡಿಯಾರಕ್ಕಿಂತ ಹಲ್ಲನ್ನು ನಂಬಿ. ಒಂದು ಕಾಳು ತೆಗೆದು ಅರ್ಧಕ್ಕೆ ಕಚ್ಚಿ ನೋಡಿ. ನಡುವೆ ಬಿಳಿ ಚುಕ್ಕೆ ಕಂಡರೆ ಅಲ್ಲಿ ಇನ್ನೂ ಬೆಂದಿಲ್ಲ. ಚುಕ್ಕೆ ಮಾಯವಾಗಿ, ಅಗಿದಾಗ ಸ್ವಲ್ಪ ಜಿಗುಟಾಗಿ ಹಲ್ಲಿಗೆ ಸಿಕ್ಕರೆ ಅದೇ ಹದ. ಅನ್ನದಷ್ಟು ಮೆತ್ತಗೆ ಆಗಲಿ ಅಂತ ಕಾಯಬೇಡಿ, ಆಗೋದಿಲ್ಲ. ಬಸಿದ ಮೇಲೆ ಅದೇ ಬಿಸಿ ಪಾತ್ರೆಗೆ ಹಾಕಿ, ಒಲೆ ಆರಿಸಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಿ. ಉಳಿದ ತೇವ ಹೀರಿಕೊಂಡು ಕಾಳು ಬಿಡಿಬಿಡಿಯಾಗುತ್ತದೆ.

ಇನ್ನೊಂದು ಮಾತು. ಕಾಳು ಬೇಯುವ ಮೊದಲೇ ಟೊಮೇಟೊ, ನಿಂಬೆರಸ, ವಿನಿಗರ್ ಏನನ್ನೂ ಹಾಕಬೇಡಿ. ಹುಳಿ ಇದ್ದರೆ ತವುಡು ಮೆತ್ತಗಾಗಲು ತುಂಬಾ ಹೊತ್ತು ಹಿಡಿಯುತ್ತದೆ. ನಿಮ್ಮ ಬಾರ್ಲಿ ಗಟ್ಟಿಯಾಗಲು ಇದೂ ಕಾರಣ ಇರಬಹುದು, ಟೊಮೇಟೊ ಸೂಪಿಗೇ ನೇರ ಹಾಕಿದೆ ಅಂದಿದ್ದೀರಲ್ಲ.

ಕ್ವಿನೋವಾದ ಕಹಿಗೆ ಕಾರಣ ಸಪೋನಿನ್ ಅನ್ನುವ ವಸ್ತು. ಹಕ್ಕಿಗಳು, ಹುಳುಗಳು ತಿನ್ನದಿರಲಿ ಅಂತ ಗಿಡ ತನ್ನ ಕಾಳಿಗೆ ತಾನೇ ಬಳಿದುಕೊಂಡ ಸೋಪು ಅದು. ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ, ನಲ್ಲಿಯ ಕೆಳಗೆ ಹಿಡಿದು, ಬೆರಳಲ್ಲಿ ಚೆನ್ನಾಗಿ ಉಜ್ಜಿ. ಮೊದಲು ನೊರೆ ಬರುತ್ತದೆ. ನೊರೆ ನಿಲ್ಲುವವರೆಗೆ ತೊಳೆಯಿರಿ. ತೊಳೆದಿದ್ದು ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೂ ನಾನು ಒಮ್ಮೆ ತೊಳೆದೇ ಹಾಕುತ್ತೇನೆ. ಒಂದಕ್ಕೆ ಎರಡರಷ್ಟು ನೀರು, ಸಣ್ಣ ಉರಿ, 15 ನಿಮಿಷ. ಕಾಳು ಪಾರದರ್ಶಕವಾಗಿ, ಅದರ ಸುತ್ತ ಇದ್ದ ಬಿಳಿ ಎಳೆ ಬಿಟ್ಟು ಸುರುಳಿಯಾಗಿ ನಿಂತರೆ ಬೆಂದಿದೆ ಅಂತ ಅರ್ಥ.

ನವಣೆ, ಸಾಮೆಯಂಥವು ಮುದ್ದೆಯಾಗುವುದು ಕೈಯಾಡಿಸಿದ್ದಕ್ಕೆ, ಇಲ್ಲವೇ ನೀರು ಹೆಚ್ಚಾಗಿದ್ದಕ್ಕೆ. ತೊಳೆದು, ನೀರು ಸೋರಿಸಿ, ಬಾಣಲೆಯಲ್ಲಿ ಒಂದು ಚಮಚ ಎಣ್ಣೆಯ ಜೊತೆ ಘಮ ಬರುವವರೆಗೆ ಹುರಿಯಿರಿ. ಆಮೇಲೆ ಎರಡರಷ್ಟು ಕುದಿಯುವ ನೀರು ಹಾಕಿ ಮುಚ್ಚಿ. ನಡುವೆ ಸೌಟು ಹಾಕಲೇಬೇಡಿ. ರಾಜಗಿರಿ ಮತ್ತು ಇಥಿಯೋಪಿಯಾದ ಪುಟ್ಟ ಧಾನ್ಯ ಟೆಫ್ ಬೇರೆ ಜಾತಿ. ಅವು ಏನು ಮಾಡಿದರೂ ಅಂಟಾಗುತ್ತವೆ. ಅವುಗಳ ಜೊತೆ ಗುದ್ದಾಡುವ ಬದಲು ಹಾಲು, ಬಾಳೆಹಣ್ಣು, ಬಾದಾಮಿ ಹಾಕಿ ಗಂಜಿ ಮಾಡಿ. ಇಲ್ಲವೇ ಸೂಪು ಗಟ್ಟಿಯಾಗಲು ಒಂದು ಹಿಡಿ ಹಾಕಿ.

ಈಗ ಹೊಟ್ಟೆ ತುಂಬುವ ಮಾತು. ಬರೀ ಧಾನ್ಯ ಬೇಯಿಸಿ ಬಟ್ಟಲು ತುಂಬಿದರೆ ಊಟ ಆಗೋದಿಲ್ಲ. ಕ್ವಿನೋವಾದ ಪ್ರೋಟೀನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅಲ್ವಾ? ಒಣ ಕಾಳಿನ 100 ಗ್ರಾಂನಲ್ಲಿ ಸುಮಾರು 14 ಗ್ರಾಂ ಇರುವುದು ನಿಜ. ಬೇಯುವಾಗ ಕಾಳು ನೀರು ಕುಡಿದು ಉಬ್ಬುತ್ತದೆ. ತಟ್ಟೆಗೆ ಬರುವ 100 ಗ್ರಾಂನಲ್ಲಿ 4 ಗ್ರಾಂ ಚಿಲ್ಲರೆ ಅಷ್ಟೆ. ಹಾಗಾಗಿ ಪಕ್ಕದಲ್ಲಿ ಬೇಳೆ, ಕಾಳು, ಮೊಟ್ಟೆ, ಪನೀರ್ ಏನಾದರೂ ಬೇಕೇ ಬೇಕು. ಬಾರ್ಲಿ, ಗೋಧಿ, ಜೋಳದಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಒಂದು ಅಂಶ, ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಜೋಡಿ ತಾನಾಗೇ ಕೂಡುತ್ತದೆ.

ನಾನು ಹೆಚ್ಚು ಮಾಡುವುದು ಬಾರ್ಲಿ ಮತ್ತು ಅಣಬೆ. ಅಣಬೆಯನ್ನು ದಪ್ಪಗೆ ಸೀಳಿ, ಜೋರು ಉರಿಯಲ್ಲಿ ನೀರೆಲ್ಲ ಆರಿ ಅಂಚು ಕೆಂಪಾಗುವವರೆಗೆ ಹುರಿಯುತ್ತೇನೆ. ಉಪ್ಪು ಆಮೇಲೆ. ಮೊದಲೇ ಹಾಕಿದರೆ ನೀರು ಬಿಟ್ಟು ಹುರಿಯುವ ಬದಲು ಬೇಯುತ್ತದೆ. ಅದೇ ಬಾಣಲೆಗೆ ಈರುಳ್ಳಿ, ಬೆಳ್ಳುಳ್ಳಿ, ಬೆಂದ ಬಾರ್ಲಿ, ಬೆಂದ ಕಡಲೆಕಾಳು, ಒಂದು ಲೋಟ ನೀರು. ಐದು ನಿಮಿಷ ಕುದಿಯಲಿ. ಬಾರ್ಲಿ ಬಿಟ್ಟ ಗಂಜಿಗೆ ಎಲ್ಲ ಒಂದಾಗಿ, ಕೆನೆ ಹಾಕಿದಂತೆ ದಪ್ಪಗಾಗುತ್ತದೆ. ಕೊನೆಗೆ ಒಂದು ಹಿಡಿ ಪಾಲಕ್, ಕರಿಮೆಣಸು, ನಿಂಬೆರಸ. ನಿಂಬೆ ಬರೀ ರುಚಿಗಲ್ಲ. ಸೊಪ್ಪು, ಧಾನ್ಯದಲ್ಲಿರುವ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ನೆರವಾಗುತ್ತದೆ.

ವಾರದ ದಿನ ಇಷ್ಟೆಲ್ಲ ಯಾರಿಗೆ ಪುರುಸೊತ್ತು ಅಂತೀರಾ? ರಜೆಯ ದಿನ ಜಾಸ್ತಿ ಬೇಯಿಸಿ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ ಫ್ರಿಜ್ಜಿಗೆ ಇಡಿ. ಅಡುಗೆಮನೆಯಲ್ಲೇ ಗಂಟೆಗಟ್ಟಲೆ ಬಿಡಬೇಡಿ. ಬೆಂದ ಧಾನ್ಯದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗೋದಿಲ್ಲ. ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಇರುತ್ತದೆ, ಫ್ರೀಜರಿನಲ್ಲಿ ತಿಂಗಳು ದಾಟಿದರೂ ಪರವಾಗಿಲ್ಲ. ತಣ್ಣಗಿನ ಕ್ವಿನೋವಾಕ್ಕೆ ಸೌತೆಕಾಯಿ, ಕಡಲೆಕಾಳು, ಹುರಿದ ಶೇಂಗಾ, ನಿಂಬೆ ಹಾಕಿ ಕಲಸಿದರೆ ಮಧ್ಯಾಹ್ನದ ಡಬ್ಬಿ ತಯಾರು.

ಹಳೆಯ ಧಾನ್ಯ ಅಂದ ಮಾತ್ರಕ್ಕೆ ಎಲ್ಲರಿಗೂ ಹೊಂದುತ್ತದೆ ಅಂತಲ್ಲ. ಎಮ್ಮರ್, ಐನ್‌ಕಾರ್ನ್ ಸುಮಾರು 10,000 ವರ್ಷದ ಹಿಂದೆಯೇ ಬೇಸಾಯಕ್ಕೆ ಬಂದವು, ಆದರೂ ಅವು ಗೋಧಿಯೇ. ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಅನ್ನುವ ಪ್ರೋಟೀನ್ ಅವುಗಳಲ್ಲೂ ಇದೆ, ಬಾರ್ಲಿಯಲ್ಲೂ ಇದೆ. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರು ಇವನ್ನು ಮುಟ್ಟಬಾರದು. ಜೋಳ, ನವಣೆ, ಕ್ವಿನೋವಾ, ರಾಜಗಿರಿ, ಟೆಫ್, ಹೆಸರಲ್ಲಿ ವೀಟ್ ಇದ್ದರೂ ಗೋಧಿಯಲ್ಲದ ಬಕ್‌ವೀಟ್‌ನಲ್ಲಿ ಗ್ಲುಟೆನ್ ಇಲ್ಲ. ನಾರಿನ ಅಭ್ಯಾಸ ಇಲ್ಲದಿದ್ದರೆ ಮೊದಲು ಅರ್ಧ ಬಟ್ಟಲಿನಿಂದ ಶುರು ಮಾಡಿ, ನೀರು ಜಾಸ್ತಿ ಕುಡಿಯಿರಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ.

ತರುವಾಗ ಒಂದು ನೋಡಿಕೊಳ್ಳಿ. ಮುತ್ತಿನಂತೆ ಬೆಳ್ಳಗೆ ಹೊಳೆಯುವ ಬಾರ್ಲಿ, ಬಿಳಿಚಿಕೊಂಡ ನವಣೆ ಎರಡೂ ಪಾಲಿಶ್ ಆದವು. ಬೇಗ ಬೇಯುತ್ತವೆ ನಿಜ, ಆದರೆ ನೀವು ದುಡ್ಡು ಕೊಡುತ್ತಿರುವ ತವುಡು ಅಲ್ಲಿರುವುದಿಲ್ಲ. ಇಡಿ ಕಾಳಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಬೇಗ ಕೆಡುತ್ತದೆ, ಹಿಟ್ಟಾದರೆ ಇನ್ನೂ ಬೇಗ. ಸ್ವಲ್ಪ ಸ್ವಲ್ಪವೇ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ. ಮೂಸಿದಾಗ ಹಳೆ ಎಣ್ಣೆಯ ಕಮಟು ವಾಸನೆ ಬಂದರೆ, ಎಷ್ಟು ತೊಳೆದರೂ ಅದು ಹೋಗೋದಿಲ್ಲ, ಎಸೆದುಬಿಡಿ.